ಚಾಂಪಿಯನ್ ಹೆದರಿದನೇ, ನುಣುಚಿಕೊಂಡನೇ?

ಬಾಕ್ಸಿಂಗ್ ನೋಡಲು ಹೊಸದಾಗಿ ಶುರು ಮಾಡಿದವರು ಬಹಳ ಬೇಗ ಒಂದು ಜಗಳದ ನಡುವೆ ಸಿಕ್ಕಿಕೊಳ್ಳುತ್ತಾರೆ. ಯಾರೋ ಒಬ್ಬ ಚಾಂಪಿಯನ್ನನ ಹೆಸರು ಎತ್ತಿದರೆ ಸಾಕು, ‘ಅವನೆಂಥ ಚಾಂಪಿಯನ್? ಇಂಥವನ ಎದುರು ನಿಲ್ಲಲು ಹಿಂದೇಟು ಹಾಕಿದವನು’ ಎನ್ನುತ್ತಾರೆ ಒಬ್ಬರು. ‘ಅವನು ತಯಾರಾಗಿಯೇ ಇದ್ದ, ಆ ಕಡೆಯವರೇ ವಿಪರೀತ ದುಡ್ಡು ಕೇಳಿದರು’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರು ಬಲಶಾಲಿಗಳು ಒಂದೇ ತೂಕದಲ್ಲಿ, ಒಂದೇ ಕಾಲದಲ್ಲಿ ಇದ್ದೂ ಮುಖಾಮುಖಿಯಾಗದೆ ಹೋಗುವುದು ಹೇಗೆ ಎಂಬುದೇ ಹೊಸಬರಿಗೆ ಒಗಟು. ಈ ಒಗಟನ್ನು ಬಿಡಿಸಿಕೊಳ್ಳದೆ ಬಾಕ್ಸಿಂಗ್ ಅರ್ಥವಾಗುವುದಿಲ್ಲ. ಆದ್ದರಿಂದ ಬುಡದಿಂದಲೇ ಶುರು ಮಾಡೋಣ.

ವೃತ್ತಿಪರ ಬಾಕ್ಸಿಂಗ್‌ಗೆ ವೇಳಾಪಟ್ಟಿ ಎಂಬುದೇ ಇಲ್ಲ. ಕ್ರಿಕೆಟ್ ವಿಶ್ವಕಪ್‌ನಲ್ಲಿ ಯಾವ ತಂಡ ಯಾರ ಎದುರು, ಯಾವ ದಿನ ಆಡಬೇಕೆಂದು ಐಸಿಸಿ ಮೊದಲೇ ನಿಗದಿ ಮಾಡುತ್ತದೆ. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಡ್ರಾ ಎತ್ತುತ್ತಾರೆ, ಅದರಲ್ಲಿ ಯಾರ ಹೆಸರು ಬಂತೋ ಅವರ ಎದುರು ಇಳಿಯಲೇಬೇಕು. ವಿಜೇಂದರ್ ಸಿಂಗ್ 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದಾಗ ಎದುರಾಳಿಯನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. 2015ರಲ್ಲಿ ಅವರು ವೃತ್ತಿಪರರಾದ ಮೇಲೆ ಪ್ರತಿ ಪಂದ್ಯವೂ ಬೇರೆ ಬೇರೆ ಒಪ್ಪಂದವಾಯಿತು. ಎದುರಾಳಿ ಯಾರು, ತೂಕ ಎಷ್ಟು, ಊರು ಯಾವುದು, ಯಾರಿಗೆ ಎಷ್ಟು ಹಣ, ಎಲ್ಲವೂ ಮಾತುಕತೆಯಲ್ಲಿ ತೀರ್ಮಾನವಾಗಬೇಕು. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದನ್ನು ಕಂಡವರಿಗೆ ಇದರ ಸ್ವರೂಪ ಬೇಗ ಹೊಳೆಯುತ್ತದೆ. ಅಲ್ಲಿ ಪೈಲ್ವಾನರನ್ನು ಕರೆಸಿ, ಮೈಕಟ್ಟು ತೂಕ ನೋಡಿ, ಎಲ್ಲರ ಮುಂದೆಯೇ ಜೋಡಿ ಕಟ್ಟುತ್ತಾರೆ. ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವವರು ಪ್ರೊಮೋಟರುಗಳು, ವಕೀಲರು, ಟಿವಿ ಕಂಪನಿಯವರು. ಅದೂ ಮುಚ್ಚಿದ ಬಾಗಿಲ ಹಿಂದೆ.

ಹಾಗಾದರೆ ಚಾಂಪಿಯನ್ನನನ್ನು ಕೇಳುವವರೇ ಇಲ್ಲವೇ? ಇದ್ದಾರೆ, ಆದರೆ ಒಬ್ಬರಲ್ಲ. ಈಗ ಬೆಲ್ಟ್ ಕೊಡುವ ಮುಖ್ಯ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ನಾಲ್ಕೂ ಸಂಸ್ಥೆಗಳು ಒಪ್ಪುವ ತೂಕದ ವಿಭಾಗಗಳು 17. ಒಂದೇ ತೂಕದಲ್ಲಿ ನಾಲ್ವರು ‘ವಿಶ್ವ ಚಾಂಪಿಯನ್’ಗಳು ಏಕಕಾಲಕ್ಕೆ ಇರಬಹುದು. ಪ್ರತಿ ಸಂಸ್ಥೆಯೂ ತನ್ನ ರ‍್ಯಾಂಕಿಂಗ್ ಪಟ್ಟಿಯಿಂದ ಒಬ್ಬನನ್ನು ಕಡ್ಡಾಯ ಸವಾಲುಗಾರ ಎಂದು ಘೋಷಿಸುತ್ತದೆ. ಚಾಂಪಿಯನ್ ನಿಗದಿತ ಅವಧಿಯೊಳಗೆ ಅವನ ಜೊತೆ ಸೆಣಸಬೇಕು. ಎರಡೂ ಕಡೆಯವರು ಹಣಕ್ಕೆ ಒಪ್ಪದಿದ್ದರೆ ಪರ್ಸ್ ಬಿಡ್ ನಡೆಯುತ್ತದೆ. ಪ್ರೊಮೋಟರುಗಳು ಮುಚ್ಚಿದ ಲಕೋಟೆಯಲ್ಲಿ ಮೊತ್ತ ಬರೆದು ಕೊಡುತ್ತಾರೆ, ಹೆಚ್ಚು ಬರೆದವರಿಗೆ ಪಂದ್ಯ ನಡೆಸುವ ಹಕ್ಕು. ಕೇಳಲು ಬಿಗಿಯಾದ ವ್ಯವಸ್ಥೆ. ಆದರೆ ಈ ಸಂಸ್ಥೆಗಳ ಆದಾಯವೇ ಆಟಗಾರರ ಸಂಭಾವನೆಯಿಂದ ಬರುತ್ತದೆ, ಸಾಮಾನ್ಯವಾಗಿ ಶೇ 3ರ ಆಸುಪಾಸು. ಹೆಚ್ಚು ಹಣ ತರುವ ಚಾಂಪಿಯನ್ನನ ಮೇಲೆ ಕೋಲು ಎತ್ತಲು ಅವಕ್ಕೆ ಮನಸ್ಸು ಬರುವುದು ಕಷ್ಟ.

ನಿಯಮ ತಪ್ಪಿಸಿಕೊಳ್ಳುವ ದಾರಿಗಳೂ ನಿಯಮದೊಳಗೇ ಇವೆ. ಸವಾಲುಗಾರನಿಗೆ ಒಂದಷ್ಟು ಹಣ ಕೊಟ್ಟು ‘ಸದ್ಯಕ್ಕೆ ಪಕ್ಕಕ್ಕೆ ಸರಿ, ಮುಂದಿನ ಸಲ ನೋಡೋಣ’ ಎನ್ನಬಹುದು. ಬೆಲ್ಟನ್ನೇ ಬಿಟ್ಟುಕೊಡಬಹುದು. ರಿಡಿಕ್ ಬೋ 1992ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಡಬ್ಲ್ಯುಬಿಸಿ ಲೆನಾಕ್ಸ್ ಲೂಯಿಸ್ ಜೊತೆ ಆಡು ಎಂದಿತು. ಅದೇ ಡಿಸೆಂಬರ್‌ನಲ್ಲಿ ಬೋ ಲಂಡನ್ನಿನಲ್ಲಿ ಪತ್ರಕರ್ತರ ಮುಂದೆ ಆ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇದೇ ಲೂಯಿಸ್ ಬೋನನ್ನು ಎರಡನೇ ಸುತ್ತಿನಲ್ಲೇ ಮಣಿಸಿದ್ದ. ವೃತ್ತಿಪರರಾಗಿ ಅವರಿಬ್ಬರೂ ಕೊನೆಯವರೆಗೂ ಎದುರಾಗಲಿಲ್ಲ. ಬೋನ ಅಭಿಮಾನಿಗಳು ಏನೇ ಸಮಜಾಯಿಷಿ ಕೊಡಲಿ, ಆ ಕಸದ ಬುಟ್ಟಿಯ ಫೋಟೊವನ್ನು ಅಳಿಸಲಾಗದು.

ಇಲ್ಲಿ ನಾನು ಹೊಸಬರಿಗೆ ಒತ್ತಿ ಹೇಳುವ ಮಾತೊಂದಿದೆ. ಹೆದರುವುದು ಬೇರೆ, ನುಣುಚಿಕೊಳ್ಳುವುದು ಬೇರೆ. ವಾದಕ್ಕಿಳಿದವರು ಇವೆರಡನ್ನೂ ಕಲಸಿಬಿಡುತ್ತಾರೆ, ಜಗಳ ಬಗೆಹರಿಯದಿರುವುದಕ್ಕೆ ಮುಖ್ಯ ಕಾರಣ ಇದೇ. ವಿಶ್ವ ಚಾಂಪಿಯನ್ ಮಟ್ಟಕ್ಕೆ ಏರಿದ ಬಾಕ್ಸರ್ ಹೊಡೆತಕ್ಕೆ ಹೆದರುವವನಾಗಿರುವುದು ತೀರಾ ಅಪರೂಪ. ಆದರೆ ಕಠಿಣ ಎದುರಾಳಿಯನ್ನು ಮುಂದೂಡುವುದು, ಅವನಿಗೆ ವಯಸ್ಸಾಗುವವರೆಗೆ ಕಾಯುವುದು, ಷರತ್ತುಗಳಲ್ಲಿ ಅವನ ಕೈ ಕಟ್ಟುವುದು ದಿನನಿತ್ಯದ ವ್ಯವಹಾರ. ಎರಡು ಪಂದ್ಯಗಳನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಮಾರ್ವಿನ್ ಹ್ಯಾಗ್ಲರ್ ಮತ್ತು ಶುಗರ್ ರೇ ಲೆನಾರ್ಡ್ ಕಥೆ. ಹ್ಯಾಗ್ಲರ್ 1973ರಲ್ಲಿ ವೃತ್ತಿಗೆ ಇಳಿದವನು. ಎಡಗೈ ಬಾಕ್ಸರ್, ಎರಡೂ ಕೈಯಲ್ಲಿ ಬಲವಿತ್ತು, ಬೆನ್ನಿಗೆ ದೊಡ್ಡ ಪ್ರೊಮೋಟರ್ ಇರಲಿಲ್ಲ. ಇಂಥವನ ಜೊತೆ ಆಡಿದರೆ ಸೋಲುವ ಅಪಾಯ ಹೆಚ್ಚು, ಸಿಗುವ ದುಡ್ಡು ಕಡಿಮೆ. ಹಾಗಾಗಿ ಮಿಡಲ್‌ವೇಟ್ ಪಟ್ಟಕ್ಕೆ ಮೊದಲ ಅವಕಾಶ ಸಿಗುವಷ್ಟರಲ್ಲಿ 1979ರ ನವೆಂಬರ್ ಬಂದಿತ್ತು, ಆಗಲೇ ಅವನು 49 ಪಂದ್ಯ ಆಡಿ ಮುಗಿಸಿದ್ದ. ವಿಟೊ ಆಂಟುಫೆರ್ಮೊ ಜೊತೆಗಿನ ಆ ಪಂದ್ಯ ಡ್ರಾ ಎಂದು ಘೋಷಣೆಯಾಯಿತು, ಬೆಲ್ಟ್ ಚಾಂಪಿಯನ್ನನ ಬಳಿಯೇ ಉಳಿಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹೋಗಿ ಅಲನ್ ಮಿಂಟರನನ್ನು ಮೂರೇ ರೌಂಡಿನಲ್ಲಿ ಮುಗಿಸಿ ಪಟ್ಟ ಗೆದ್ದ. ಗೆದ್ದವನ ಮೇಲೆ ಪ್ರೇಕ್ಷಕರು ಬಿಯರ್ ಬಾಟಲಿ ಎಸೆದರು.

ಆಗ ಅಮೆರಿಕದ ಬಾಕ್ಸಿಂಗ್‌ನ ಕಣ್ಮಣಿ ಲೆನಾರ್ಡ್. ಇವರಿಬ್ಬರ ಪಂದ್ಯಕ್ಕಾಗಿ ಎಲ್ಲರೂ ಕಾಯುತ್ತಿದ್ದರು. 1982ರಲ್ಲಿ ಲೆನಾರ್ಡನ ಕಣ್ಣಿನ ರೆಟಿನಾಕ್ಕೆ ಶಸ್ತ್ರಚಿಕಿತ್ಸೆಯಾಯಿತು. ನವೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ದೊಡ್ಡ ಸಮಾರಂಭ ಏರ್ಪಡಿಸಿ ಹ್ಯಾಗ್ಲರನನ್ನೂ ಕರೆದ. ಪಂದ್ಯದ ಘೋಷಣೆಯಾಗುತ್ತದೆ ಎಂದುಕೊಂಡೇ ಜನ ಬಂದಿದ್ದರು. ಆ ಪಂದ್ಯ ಎಂದೂ ನಡೆಯುವುದಿಲ್ಲ ಎಂದು ಹೇಳಿ ಲೆನಾರ್ಡ್ ನಿವೃತ್ತನಾದ. ಆಮೇಲೆ 1984ರಲ್ಲಿ ಒಂದೇ ಒಂದು ಪಂದ್ಯಕ್ಕೆ ಮರಳಿ ಮತ್ತೆ ನಿವೃತ್ತನಾದ. 1986ರ ಮಾರ್ಚ್‌ನಲ್ಲಿ ಹ್ಯಾಗ್ಲರ್ ಉಗಾಂಡದ ಜಾನ್ ಮುಗಾಬಿಯನ್ನು ಹನ್ನೊಂದನೇ ರೌಂಡಿನಲ್ಲಿ, ಸಾಕಷ್ಟು ಏಟು ತಿಂದು ಸೋಲಿಸಿದ. ರಿಂಗ್ ಪಕ್ಕದಲ್ಲಿ ಕುಳಿತು ಅದನ್ನು ನೋಡುತ್ತಿದ್ದ ಲೆನಾರ್ಡನಿಗೆ ಹ್ಯಾಗ್ಲರ್ ನಿಧಾನವಾಗಿದ್ದಾನೆ ಎನ್ನಿಸಿತು. ಸವಾಲು ಬಂದದ್ದು ಆಗ.

ಮಾತುಕತೆಯಲ್ಲಿ ನಡೆದದ್ದನ್ನು ಗಮನಿಸಿ. ಲೆನಾರ್ಡ್ 15 ರೌಂಡಿನ ಬದಲು 12 ರೌಂಡ್ ಕೇಳಿದ. ಓಡಾಡಲು ಜಾಗವಿರಲಿ ಎಂದು ದೊಡ್ಡ ರಿಂಗ್ ಕೇಳಿದ. ಏಟಿನ ಬಿರುಸು ಕಡಿಮೆಯಾಗಲಿ ಎಂದು 10 ಔನ್ಸಿನ ಗ್ಲೌಸ್ ಕೇಳಿದ. ಬದಲಿಗೆ ಹ್ಯಾಗ್ಲರನಿಗೆ ಹೆಚ್ಚು ಹಣ ಸಿಕ್ಕಿತು. 1987ರ ಏಪ್ರಿಲ್ 6ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಪಂದ್ಯ ನಡೆದಾಗ ಮೂರೂ ಷರತ್ತು ಕೆಲಸಕ್ಕೆ ಬಂದವು. ಲೆನಾರ್ಡ್ ಪ್ರತಿ ರೌಂಡಿನ ಹೆಚ್ಚಿನ ಹೊತ್ತು ಸುತ್ತಾಡಿ, ಕೊನೆಯ ಅರ್ಧ ನಿಮಿಷದಲ್ಲಿ ಅವನ ಕಡೆಯವರು ಕೂಗಿ ಎಚ್ಚರಿಸಿದಾಗ ಸರಸರನೆ ಹೊಡೆತ ಸುರಿಸುತ್ತಿದ್ದ. ತೀರ್ಪುಗಾರರ ಕಣ್ಣಲ್ಲಿ ಉಳಿಯುವುದು ಅದೇ ಅರ್ಧ ನಿಮಿಷ. ಇಬ್ಬರು ತೀರ್ಪುಗಾರರು ಲೆನಾರ್ಡ್ ಗೆದ್ದ ಎಂದರು, ಒಬ್ಬರು ಹ್ಯಾಗ್ಲರ್ ಎಂದರು. ಹ್ಯಾಗ್ಲರ್ ಮತ್ತೆಂದೂ ರಿಂಗ್‌ಗೆ ಇಳಿಯಲಿಲ್ಲ.

ಲೆನಾರ್ಡ್ ಹೆದರಿದ್ದನೇ? ಮೂರು ವರ್ಷ ರಿಂಗ್‌ನಿಂದ ದೂರವಿದ್ದು, ಶಸ್ತ್ರಚಿಕಿತ್ಸೆಯಾದ ಕಣ್ಣನ್ನು ಪಣಕ್ಕಿಟ್ಟು, ತನಗಿಂತ ದೊಡ್ಡ ದೇಹದವನ ಎದುರು ನಿಂತವನನ್ನು ಹೇಡಿ ಎನ್ನಲು ನಾಲಗೆ ಏಳುವುದಿಲ್ಲ. ಆದರೆ ತನಗೆ ಅನುಕೂಲವಾಗುವ ಹೊತ್ತನ್ನು ಅವನೇ ಆರಿಸಿಕೊಂಡದ್ದೂ ಅಷ್ಟೇ ನಿಜ. ಹ್ಯಾಗ್ಲರ್ ಕೂಡ ಹೆಚ್ಚಿನ ಹಣಕ್ಕಾಗಿ ಆ ಷರತ್ತುಗಳಿಗೆ ಸಹಿ ಹಾಕಿದ. ಅದನ್ನೂ ಮರೆಯಬಾರದು.

ಎರಡನೆಯದು ನಮ್ಮ ಕಾಲದ್ದು. ಗೆನ್ನಡಿ ಗೊಲೊವ್ಕಿನ್ ಕಜಕಿಸ್ತಾನದವನು, ಮಿಡಲ್‌ವೇಟ್‌ನಲ್ಲಿ ಸತತವಾಗಿ 23 ಎದುರಾಳಿಗಳನ್ನು ನಾಕೌಟ್ ಮಾಡಿದವನು. ಮೆಕ್ಸಿಕೊದ ಕನೆಲೊ ಆಲ್ವಾರೆಸ್ 2015ರ ನವೆಂಬರ್‌ನಲ್ಲಿ ಮಿಗೆಲ್ ಕೊಟೊನನ್ನು ಸೋಲಿಸಿ ಡಬ್ಲ್ಯುಬಿಸಿ ಮಿಡಲ್‌ವೇಟ್ ಬೆಲ್ಟ್ ಗೆದ್ದ. ಮಿಡಲ್‌ವೇಟ್ ಮಿತಿ 160 ಪೌಂಡ್, ಆದರೆ ಆ ಪಂದ್ಯವನ್ನು 155 ಪೌಂಡಿಗೆ ಒಪ್ಪಂದ ಮಾಡಿಕೊಂಡು ಆಡಿದ್ದರು. ಗೆದ್ದವನು ಮುಂದೆ ಗೊಲೊವ್ಕಿನ್ ಜೊತೆ ಆಡಬೇಕೆಂಬುದು ಸಂಸ್ಥೆಯ ಆದೇಶ. 2016ರ ಮೇ 7ರಂದು ಕನೆಲೊ ಕೆಳಗಿನ ತೂಕದಿಂದ ಮೇಲೆ ಬಂದ ಅಮೀರ್ ಖಾನನನ್ನು ನಾಕೌಟ್ ಮಾಡಿದ. ಪ್ರೇಕ್ಷಕರ ಸಾಲಿನಲ್ಲಿದ್ದ ಗೊಲೊವ್ಕಿನ್‌ನನ್ನು ರಿಂಗ್‌ಗೆ ಕರೆದು, ಈಗಲೇ ಬೇಕಾದರೂ ತಯಾರು ಎಂಬ ಧಾಟಿಯಲ್ಲಿ ಮಾತಾಡಿದ. ಸಂಸ್ಥೆ ಮಾತುಕತೆಗೆ ಗಡುವು ಕೊಟ್ಟಿತು. ಗಡುವು ಮುಗಿಯುವ ಮೊದಲೇ, ರಿಂಗ್‌ನಲ್ಲಿ ಹಾಗೆ ಕರೆದು ಎರಡು ವಾರವೂ ಆಗುವ ಮುನ್ನ, ಕನೆಲೊ ಬೆಲ್ಟ್ ಬಿಟ್ಟುಕೊಟ್ಟ. ಆಮೇಲೆ 154 ಪೌಂಡಿನಲ್ಲಿ ಒಂದು ಪಂದ್ಯ ಆಡಿದ, 164.5 ಪೌಂಡಿನ ಒಪ್ಪಂದದಲ್ಲಿ ಮತ್ತೊಂದು. ನಡುವಿನ 160 ಪೌಂಡಿನಲ್ಲಿ ಗೊಲೊವ್ಕಿನ್ ಕಾಯುತ್ತಿದ್ದ.

2017ರ ಮಾರ್ಚ್‌ನಲ್ಲಿ ಡೇನಿಯಲ್ ಜೇಕಬ್ಸ್ ಗೊಲೊವ್ಕಿನ್ ಎದುರು ಹನ್ನೆರಡು ರೌಂಡ್ ನಿಂತ. ನಾಕೌಟ್‌ಗಳ ಸರಣಿ ಮುರಿಯಿತು, ಗೊಲೊವ್ಕಿನ್ ಮೊದಲಿನಂತಿಲ್ಲ ಎಂಬ ಗುಸುಗುಸು ಶುರುವಾಯಿತು. ಎರಡು ತಿಂಗಳೊಳಗೆ ಪಂದ್ಯದ ಘೋಷಣೆ ಹೊರಬಿತ್ತು. 2017ರ ಸೆಪ್ಟೆಂಬರ್ 16ರಂದು ಇಬ್ಬರೂ ಎದುರಾದಾಗ ಕನೆಲೊನಿಗೆ 27, ಗೊಲೊವ್ಕಿನ್‌ಗೆ 35 ವರ್ಷ. ಅಂಕಗಳ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಹನ್ನೆರಡು ರೌಂಡಿನ ಪಂದ್ಯದಲ್ಲಿ 118–110 ಎಂದರೆ ಒಬ್ಬ ಹತ್ತು ರೌಂಡ್ ಗೆದ್ದ, ಇನ್ನೊಬ್ಬ ಎರಡೇ ಗೆದ್ದ ಎಂದರ್ಥ. ಅಂದು ಒಬ್ಬ ತೀರ್ಪುಗಾರ್ತಿ ಕನೆಲೊಗೆ 118–110 ಕೊಟ್ಟರು. ಇನ್ನೊಬ್ಬರು ಗೊಲೊವ್ಕಿನ್‌ಗೆ 115–113, ಮೂರನೆಯವರು 114–114. ಪಂದ್ಯ ಡ್ರಾ. ಆ 118–110ನ್ನು ನೋಡಿ ಕನೆಲೊ ಅಭಿಮಾನಿಗಳೂ ತಲೆ ತಗ್ಗಿಸಿದರು. ಮರುವರ್ಷದ ಪಂದ್ಯ ಕೂದಲೆಳೆಯ ಅಂತರದಲ್ಲಿ ಕನೆಲೊ ಪಾಲಾಯಿತು. ಮೂರನೆಯದು ನಡೆದದ್ದು 2022ರಲ್ಲಿ, ಗೊಲೊವ್ಕಿನ್‌ಗೆ 40 ತುಂಬಿದ ಮೇಲೆ.

ಇದೇ ಕನೆಲೊ 23ನೇ ವಯಸ್ಸಿಗೇ ಫ್ಲಾಯ್ಡ್ ಮೇವೆದರ್ ಎದುರು ನಿಂತಿದ್ದ. ಯಾರಿಗೂ ಬೇಡವಾಗಿದ್ದ, ಆಡಿದರೆ ಕೆಟ್ಟದಾಗಿ ಕಾಣುವಂತೆ ಮಾಡುವ ಎಡಗೈ ಬಾಕ್ಸರ್ ಎರಿಸ್ಲಾಂಡಿ ಲಾರನನ್ನು 2014ರಲ್ಲಿ ತಾನಾಗಿಯೇ ಆರಿಸಿಕೊಂಡ. 2022ರಲ್ಲಿ ತೂಕ ಏರಿಸಿಕೊಂಡು ಡಿಮಿಟ್ರಿ ಬಿವೊಲ್ ಎದುರು ಆಡಿ ಸೋತ. ಪುಕ್ಕಲನ ದಾಖಲೆ ಹೀಗಿರುವುದಿಲ್ಲ. ಆದರೂ 2016ರ ಮೇ ತಿಂಗಳಲ್ಲಿ ಅವನು ಗೊಲೊವ್ಕಿನ್‌ನಿಂದ ನುಣುಚಿಕೊಂಡ ಎಂದೇ ನಾನು ಹೇಳುತ್ತೇನೆ.

ನುಣುಚಿಕೊಳ್ಳುವ ತೀರ್ಮಾನ ಬಹಳ ಸಲ ಬಾಕ್ಸರನದ್ದೂ ಆಗಿರುವುದಿಲ್ಲ. ಹೆವಿವೇಟ್ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಹತ್ತಿರ ಸನಿ ಲಿಸ್ಟನ್ ಸುಳಿಯದಂತೆ ನೋಡಿಕೊಂಡವನು ಮ್ಯಾನೇಜರ್ ಕಸ್ ಡಮಾಟೊ. ಲಿಸ್ಟನ್ ಜೈಲು ಕಂಡವನು, ಅವನ ಹಿಂದೆ ಭೂಗತ ಜಗತ್ತಿನವರಿದ್ದಾರೆ ಎಂಬುದು ಡಮಾಟೊ ಕೊಟ್ಟ ಕಾರಣ. ಕೊನೆಗೆ ಪ್ಯಾಟರ್ಸನ್ ಮ್ಯಾನೇಜರ್ ಮಾತು ಮೀರಿ ತಾನೇ ಒಪ್ಪಿದ. 1962ರ ಸೆಪ್ಟೆಂಬರ್ 25ರಂದು ಶಿಕಾಗೊದಲ್ಲಿ ಮೊದಲ ರೌಂಡಿನಲ್ಲೇ ನೆಲಕ್ಕುರುಳಿದ. ಸೋಲಿನ ಭಯಕ್ಕೆ ಮೊದಲೇ ತಂದಿಟ್ಟುಕೊಂಡಿದ್ದ ಸುಳ್ಳು ಗಡ್ಡ ಅಂಟಿಸಿಕೊಂಡು ಕ್ರೀಡಾಂಗಣದಿಂದ ಹೊರಬಿದ್ದ. ಮರುವರ್ಷ ಮತ್ತೆ ಅದೇ ಲಿಸ್ಟನ್ ಎದುರು ನಿಂತು ಮತ್ತೆ ಮೊದಲ ರೌಂಡಿನಲ್ಲೇ ಸೋತ. ಒಳಗೊಳಗೇ ಭಯವಿದ್ದವನು ಎದುರು ನಿಂತ, ಭಯವಿಲ್ಲದ ಎಷ್ಟೋ ಜನ ನಿಲ್ಲಲಿಲ್ಲ.

ಎಲ್ಲಕ್ಕಿಂತ ಕರಾಳ ಅಧ್ಯಾಯ ಬಣ್ಣದ್ದು. ಜಾಕ್ ಡೆಂಪ್ಸಿ 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್. ಆ ಕಾಲದ ಪ್ರಬಲ ಸವಾಲುಗಾರ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್. ಪಂದ್ಯಕ್ಕೆ ಒಪ್ಪಂದದ ಮಾತೂ ಆಯಿತು, ಪಂದ್ಯ ಮಾತ್ರ ನಡೆಯಲಿಲ್ಲ. 1910ರಲ್ಲಿ ಕಪ್ಪು ಚಾಂಪಿಯನ್ ಜಾಕ್ ಜಾನ್ಸನ್ ಬಿಳಿಯ ಜಿಮ್ ಜೆಫ್ರೀಸನನ್ನು ಸೋಲಿಸಿದಾಗ ಅಮೆರಿಕದಲ್ಲಿ ಜನಾಂಗೀಯ ಗಲಭೆಗಳಾಗಿದ್ದವು. ಆ ಪಂದ್ಯ ಏರ್ಪಡಿಸಿದ್ದ ಟೆಕ್ಸ್ ರಿಕರ್ಡನೇ ಡೆಂಪ್ಸಿಯ ಪ್ರೊಮೋಟರ್, ಅಂಥ ಇನ್ನೊಂದು ಪಂದ್ಯ ಅವನಿಗೆ ಬೇಡವಾಗಿತ್ತು. ವಿಲ್ಸ್ ಜೊತೆಯೇ ಆಡಬೇಕೆಂದು ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಪಟ್ಟು ಹಿಡಿದಾಗ, ವಿಲ್ಸ್ ಬದಲಿಗೆ ಗೊತ್ತುಮಾಡಿದ್ದ ಡೆಂಪ್ಸಿ–ಜೀನ್ ಟನಿ ಪಂದ್ಯವನ್ನು ಫಿಲಡೆಲ್ಫಿಯಾಕ್ಕೇ ಸಾಗಿಸಿದರು. 1,20,000 ಜನ ಅದನ್ನು ನೋಡಲು ಸೇರಿದರು.

ಪಿಟ್ಸ್‌ಬರ್ಗ್‌ನ ಚಾರ್ಲಿ ಬರ್ಲಿಯ ಹೆಸರನ್ನು ಹೊಸಬರಲ್ಲಿ ಕೇಳಿದವರೇ ಕಡಿಮೆ. 1940ರ ದಶಕದಲ್ಲಿ ವೆಲ್ಟರ್‌ವೇಟ್, ಮಿಡಲ್‌ವೇಟ್‌ಗಳಲ್ಲಿ ಅವನನ್ನು ಕಂಡರೆ ಎಲ್ಲ ಮ್ಯಾನೇಜರುಗಳೂ ಬೇರೆ ದಾರಿ ಹಿಡಿಯುತ್ತಿದ್ದರು. ಮುಂದೆ ಲೈಟ್ ಹೆವಿವೇಟ್ ಚಾಂಪಿಯನ್ ಆದ ಆರ್ಚಿ ಮೂರ್ 1944ರಲ್ಲಿ ಬರ್ಲಿ ಕೈಯಲ್ಲಿ ಸೋತಿದ್ದ, ತಾನು ಎದುರಿಸಿದವರಲ್ಲೇ ಶ್ರೇಷ್ಠ ಬರ್ಲಿ ಎಂದು ಆಮೇಲೆ ಹೇಳುತ್ತಿದ್ದ. ಸಾರ್ವಕಾಲಿಕ ಶ್ರೇಷ್ಠ ಎನಿಸಿಕೊಂಡ ಶುಗರ್ ರೇ ರಾಬಿನ್ಸನ್ ಕೂಡ ಬರ್ಲಿ ಜೊತೆ ಆಡಲಿಲ್ಲ. ಜೇಕ್ ಲಮೊಟಾ ಜೊತೆ ಆರು ಬಾರಿ ಸೆಣಸಿದವನು, 1943ರ ಫೆಬ್ರುವರಿ 5ರಂದು ಸೋತು ಅದೇ ತಿಂಗಳ 26ಕ್ಕೆ ಮತ್ತೆ ಅವನ ಎದುರು ನಿಂತು ಗೆದ್ದವನು ರಾಬಿನ್ಸನ್. ಅಂಥವನ ದಾಖಲೆಯಲ್ಲೂ ಬರ್ಲಿಯ ಜಾಗ ಖಾಲಿ. ಬರ್ಲಿಗೆ ವಿಶ್ವ ಪಟ್ಟಕ್ಕೆ ಒಂದೇ ಒಂದು ಅವಕಾಶವೂ ಸಿಗಲಿಲ್ಲ. ಬಾಕ್ಸಿಂಗ್ ಬಿಟ್ಟ ಮೇಲೆ ಪಿಟ್ಸ್‌ಬರ್ಗ್ ನಗರದ ಕಸ ಸಾಗಿಸುವ ಕೆಲಸ ಮಾಡಿ ಬದುಕಿದ. ‘ಯಾರು ಯಾರಿಂದ ತಪ್ಪಿಸಿಕೊಂಡರು’ ಎಂಬ ವಾದ ಕಾಲಹರಣವೆಂದು ಯಾರಾದರೂ ಹೇಳಿದರೆ ನನಗೆ ಬರ್ಲಿ ನೆನಪಾಗುತ್ತಾನೆ. ಈ ವಾದದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನ ದುಡಿಮೆಯ ವರ್ಷಗಳಿವೆ.

ಈಗಿನ ಕಾಲದಲ್ಲಿ ಬಣ್ಣದ ಗೋಡೆಯ ಜಾಗಕ್ಕೆ ಸೋಲಿಲ್ಲದ ದಾಖಲೆಯ ಮೋಹ ಬಂದಿದೆ. ರಾಬಿನ್ಸನ್ 19 ಪಂದ್ಯ ಸೋತವನು, ಮುಹಮ್ಮದ್ ಅಲಿ ಐದು. ಅವರ ಹಿರಿಮೆಗೆ ಅದರಿಂದ ಕುಂದು ಬರಲಿಲ್ಲ. ಮೇವೆದರ್ 50ಕ್ಕೆ 50 ಗೆದ್ದು ನಿವೃತ್ತನಾದ ಮೇಲೆ, ಒಂದು ಸೋಲು ಎಂದರೆ ಅರ್ಧ ಬೆಲೆ ಎಂಬ ಲೆಕ್ಕ ಯುವ ಬಾಕ್ಸರುಗಳ ತಲೆಯಲ್ಲಿ ಕೂತಿದೆ. ಮ್ಯಾನಿ ಪಕಿಯಾವ್ ಜೊತೆಗಿನ ಅವನ ಪಂದ್ಯದ ಮಾತುಕತೆ ಮೊದಲು ಮುರಿದುಬಿದ್ದದ್ದು 2010ರ ಆರಂಭದಲ್ಲಿ, ಉದ್ದೀಪನ ಮದ್ದು ಪತ್ತೆಯ ರಕ್ತಪರೀಕ್ಷೆಯ ತಕರಾರಿನಲ್ಲಿ. ಪಂದ್ಯ ನಡೆದದ್ದು 2015ರ ಮೇ 2ರಂದು. ಅಷ್ಟರಲ್ಲಿ ಮೇವೆದರ್‌ಗೆ 38, ಪಕಿಯಾವ್‌ಗೆ 36. ಅಮೆರಿಕದಲ್ಲಿ 46 ಲಕ್ಷ ಪೇ-ಪರ್-ವ್ಯೂ (ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ ಪ್ರಸಾರ) ಮಾರಾಟವಾದವು, ಪಂದ್ಯ ನೀರಸವಾಗಿತ್ತು. ಐದು ವರ್ಷ ಕಾಯಿಸಿದ್ದಕ್ಕೆ ಪ್ರೊಮೋಟರುಗಳಿಗೆ ಲಾಭವಾಯಿತು, ನೋಡಿದವರಿಗೆ ನಷ್ಟ.

ಹಣವೇ ಅಡ್ಡಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಇತ್ತೀಚೆಗೆ ಸೌದಿ ಅರೇಬಿಯಾದಿಂದ ಸಿಕ್ಕಿದೆ. 2024ರಲ್ಲಿ ರಿಯಾದ್‌ನಲ್ಲಿ ಅಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಎದುರಾದರು, ನಾಲ್ಕೂ ಬೆಲ್ಟ್ ಒಬ್ಬನ ಕೈಗೆ ಬಂತು. ಅದೇ ವರ್ಷ ಅದೇ ಊರಿನಲ್ಲಿ ಆರ್ತುರ್ ಬೆಟರ್ಬಿಯೆವ್ ಮತ್ತು ಬಿವೊಲ್ ಸೆಣಸಿದರು. ಆಗುವುದೇ ಇಲ್ಲ ಎಂದುಕೊಂಡಿದ್ದ ಪಂದ್ಯಗಳು, ಎಲ್ಲರಿಗೂ ಸಾಕಾಗುವಷ್ಟು ಹಣ ಮೇಜಿನ ಮೇಲೆ ಬಿದ್ದ ಕೂಡಲೇ ಆಗಿಬಿಟ್ಟವು. ಅಡ್ಡಿ ಎದೆಗಾರಿಕೆಯದ್ದಾಗಿದ್ದರೆ ಹಣದಿಂದ ಬಗೆಹರಿಯುತ್ತಿರಲಿಲ್ಲ.

ಜನ ಬಾಯಿಬಿಟ್ಟು ಕೇಳುವುದಕ್ಕೂ ಬೆಲೆಯಿದೆ. 2019ರಲ್ಲಿ ಒಲಿಂಪಿಕ್ಸ್ ಅರ್ಹತಾ ಕೂಟಕ್ಕೆ 51 ಕೆಜಿಯಲ್ಲಿ ಮೇರಿ ಕೋಮ್ ಅವರನ್ನು ಟ್ರಯಲ್ಸ್ ಇಲ್ಲದೆ ಕಳಿಸುವ ಮಾತು ಬಂದಾಗ, ನಿಖತ್ ಜರೀನ್ ಕ್ರೀಡಾ ಸಚಿವರಿಗೆ ಬಹಿರಂಗವಾಗಿ ಪತ್ರ ಬರೆದು ನ್ಯಾಯವಾದ ಅವಕಾಶ ಕೇಳಿದರು. ಡಿಸೆಂಬರ್‌ನಲ್ಲಿ ಟ್ರಯಲ್ಸ್ ನಡೆಯಿತು, ಮೇರಿ ಕೋಮ್ 9–1ರಿಂದ ಗೆದ್ದರು. ಅಲ್ಲಿಗೆ ಪ್ರಶ್ನೆ ರಿಂಗ್‌ನಲ್ಲೇ ತೀರಿತು, 2022ರಲ್ಲಿ ನಿಖತ್ ವಿಶ್ವ ಚಾಂಪಿಯನ್ನೂ ಆದರು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪತ್ರ ಬರೆಯಲು ಸಚಿವರಿಲ್ಲ. ಟಿಕೆಟ್ ಕೊಳ್ಳುವವರ ಒತ್ತಾಯವೊಂದೇ ಅಲ್ಲಿರುವ ಒತ್ತಾಯ.

ಆದ್ದರಿಂದ ಈ ವಾದಕ್ಕೆ ಧಾರಾಳವಾಗಿ ಇಳಿಯಿರಿ, ಆದರೆ ತಯಾರಿ ಮಾಡಿಕೊಂಡು ಇಳಿಯಿರಿ. ಇಬ್ಬರ ಹುಟ್ಟಿದ ದಿನಾಂಕ, ಮಾತುಕತೆ ಮುರಿದ ತಿಂಗಳು, ಆಮೇಲೆ ಚಾಂಪಿಯನ್ ಬದಲಿಗೆ ಯಾರ ಜೊತೆ ಆಡಿದ, ಬೆಲ್ಟ್ ಬಿಟ್ಟವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಜಗಳ ತಾನಾಗಿ ಕರಗುತ್ತದೆ. ನೋಡಲು ಶುರು ಮಾಡುವುದಾದರೆ ಹ್ಯಾಗ್ಲರ್–ಲೆನಾರ್ಡ್ ಪಂದ್ಯವನ್ನೇ ಮೊದಲು ನೋಡಿ, ಆಮೇಲೆ 2017ರ ಕನೆಲೊ–ಗೊಲೊವ್ಕಿನ್. ವ್ಯಾಖ್ಯಾನದ ದನಿ ಬಂದ್ ಮಾಡಿ, ಪೆನ್ನು ಹಿಡಿದು ಪ್ರತಿ ರೌಂಡಿಗೂ ನೀವೇ ಅಂಕ ಹಾಕಿ, ಕೊನೆಗೆ ತೀರ್ಪುಗಾರರ ಅಂಕದ ಜೊತೆ ಹೋಲಿಸಿ. ಬರ್ಲಿ ಆಡಿದ್ದರಲ್ಲಿ ಇಂದಿಗೆ ಉಳಿದಿರುವ ಚಿತ್ರೀಕರಣ 1946ರಲ್ಲಿ ಓಕ್ಲಂಡ್ ಬಿಲ್ಲಿ ಸ್ಮಿತ್ ಜೊತೆಗಿನ ಪಂದ್ಯದ್ದು. ಸಮಯ ಮಾಡಿಕೊಂಡು ಅದನ್ನೂ ನೋಡಿ.